ಒಂದು ತಿಂಗಳು ಸೊಪ್ಪಿಲ್ಲದೆ

ಮದರಾಸಿನ ತಿರುವಲ್ಲಿಕ್ಕೇಣಿಯ ಆ ವಠಾರದಲ್ಲಿ ಅವಳನ್ನು ಸೊಪ್ಪಿನ ಜಲಜಾ ಎಂದು ಕರೆಯುತ್ತಿದ್ದರು. ಹೆಸರು ಹೇಗೆ ಬಂತೆಂದು ಹೊಸಬರು ಕೇಳಿದರೆ ಹಳಬರು ಮಾತು ತಿರುಗಿಸುತ್ತಿದ್ದರು.

ಅವಳ ಗಂಡ ಸೀತಾರಾಮ ಬ್ರಹ್ಮಾವರದ ಕಡೆಯವನು. ಹೋಟೆಲೊಂದರಲ್ಲಿ ಸಿಹಿ ಮಾಡುವ ಒಲೆಯ ಮುಂದೆ ಹತ್ತು ವರ್ಷ ಬೆಂದವನು. ಸಂಜೆ ಬರುವಾಗ ಒಡೆದ ಲಾಡು, ಮುರಿದ ಜಾಂಗೀರಿ ಕಾಗದದಲ್ಲಿ ಕಟ್ಟಿ ತರುತ್ತಿದ್ದ. ಒಬ್ಬಳೇ ಮಗಳು ಅಂಬುಜಾ, ನಾಲ್ಕು ವರ್ಷದವಳು. ಆ ಪೊಟ್ಟಣ ಬಿಚ್ಚಿದ ಮೇಲೆ ಅನ್ನದ ಮುಖ ಯಾರು ನೋಡುತ್ತಾರೆ? “ಸಾದಂ ವೇಣಾಂ, ಲಾಡು ಕುಡು” ಎಂದು ಬೀದಿ ಮಕ್ಕಳ ತಮಿಳಿನಲ್ಲೇ ಹಟ, ಅನ್ನ ಬೇಡ, ಲಾಡು ಕೊಡು ಎಂದು. ತಿನ್ನುವ ವಯಸ್ಸು, ತಿನ್ನಲಿ ಎಂದು ಜಲಜಾಳೂ ಸುಮ್ಮನಿದ್ದಳು.

ಐವತ್ತೆಂಟನೆಯ ಇಸವಿ, ಯುಗಾದಿ ಕಳೆದಿತ್ತು. ದೀಪ ಹಚ್ಚುವ ಹೊತ್ತಿಗೆ ಮಗು ಹೊಸಿಲು ಎಡವುವುದು, ನೀರಿನ ಚೊಂಬಿಗೆ ಕಾಲು ಹಾಕುವುದು ಶುರುವಾಯಿತು. ಜಲಜಾ ಎರಡು ಪೆಟ್ಟು ಕೊಟ್ಟಳು. ಪಕ್ಕದ ಮನೆಯ ಶಾರದಮ್ಮ, ರೈಲ್ವೆ ಗಾರ್ಡಿನ ಹೆಂಡತಿ, ಮೈಸೂರಿನವರು, ಕೈ ಹಿಡಿದು ತಡೆದರು.

“ಹೊಡೀಬೇಡಿ ಕಣ್ರೀ. ಇದು ತುಂಟತನ ಅಲ್ಲ, ಇರುಳುಗಣ್ಣು. ಸಾಯಂಕಾಲ ಆದ್ರೆ ಮಗು ಗೋಡೆ ಸವರ್ಕೊಂಡು ನಡೀತದೆ, ನೋಡಿಲ್ವೇ ನೀವು?”

ಕಣ್ಣಿನ ಆಸ್ಪತ್ರೆಯ ಡಾಕ್ಟರು ಮೀನೆಣ್ಣೆ ಬರೆದರು. ಜಲಜಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುದುಕ ಡಾಕ್ಟರು ನಿಟ್ಟುಸಿರುಬಿಟ್ಟು, ಹಾಗಾದರೆ ಸೊಪ್ಪು, ಪಪ್ಪಾಯಿ ಕೊಡು, ಮೇಲೊಂದು ಚಮಚ ತುಪ್ಪ, ಒಂದು ದಿನವೂ ತಪ್ಪಿಸಬೇಡ ಎಂದರು.

ವಠಾರದ ಬಾವಿಯ ಹತ್ತಿರ ನುಗ್ಗೆಮರವಿತ್ತು. ಸೊಪ್ಪನ್ನು ದೋಸೆ ಹಿಟ್ಟಿಗೆ ರುಬ್ಬಿದಳು, ಮಗು ಉಗುಳಿತು. ತಂಬುಳಿ ಮಾಡಿದಳು, ಬಟ್ಟಲು ಉರುಳಿಸಿತು. ಕೊನೆಗೆ ಉಪಾಯ ಹೊಳೆಯಿತು. ನಾಲ್ಕು ತುತ್ತು ಸೊಪ್ಪಿನ ಅನ್ನಕ್ಕೆ ಒಂದು ಚೂರು ಲಾಡು. ಮೊದಲು ಸೊಪ್ಪು, ಆಮೇಲೆ ಸಿಹಿ.

“ಇದೆಂತ ಮಾರಾಯ್ತಿ, ಹೋಟೆಲಲ್ಲಿ ಟೋಕನ್ ಕೊಟ್ಟ ಮೇಲೇ ಕಾಫಿ ಅಂದ ಹಾಗೆ!” ಎಂದು ಸೀತಾರಾಮ ನಕ್ಕ.

ನಗಲಿ, ಮಗು ತಿಂದಿತಲ್ಲ. ಎರಡು ತಿಂಗಳಲ್ಲಿ ಮುಸ್ಸಂಜೆಯಲ್ಲೇ ಅಪ್ಪನನ್ನು ಬೀದಿಯ ತುದಿಯಲ್ಲಿ ಗುರುತು ಹಿಡಿದು ಓಡಿತು.

ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು. ಜೊತೆಗೇ ಇದ್ದ ಅತ್ತೆ ಜಾನಕಮ್ಮ ನಲವತ್ತು ವರ್ಷದಿಂದ ಚಾತುರ್ಮಾಸ್ಯ ಹಿಡಿದವರು. ಮೊದಲ ತಿಂಗಳು ಶಾಕವ್ರತ. ಸೊಪ್ಪು ತರಕಾರಿ ಒಲೆಗೆ ಏರುವಂತಿಲ್ಲ. ಹೆಸರುಬೇಳೆ, ಕಾಳುಮೆಣಸು, ಮಾವಿನಕಾಯಿ, ಮೊಸರು, ಇಷ್ಟರಲ್ಲೇ ಊಟ. ಹಿಂದಿನ ವರ್ಷ ಜಲಜಾ ಮರೆತು ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಿದಾಗ ಅತ್ತೆ ನಾಲ್ಕು ಮನೆಗೆ ಕೇಳುವಂತೆ ಅಂದಿದ್ದರು: “ಹೋಟೆಲಿಟ್ಟವರ ಮಗಳಲ್ಲವಾ! ಅವರಿಗೆ ವ್ರತ ಎಂತದ್ದು, ಗಿರಾಕಿ ಕೇಳಿದ್ದೇ ನೈವೇದ್ಯ.” ಅಪ್ಪನ ಮನೆಗೆ ತಗುಲಿದ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಬೆರಳು ತೋರಿಸುವ ಹಾಗೆ ಆಗಬಾರದು.

“ಮಗೂಗೂ ವ್ರತಾನಾ?” ಶಾರದಮ್ಮ ಬಾವಿಕಟ್ಟೆಯಲ್ಲಿ ಕೇಳಿದರು. “ಅತ್ತೇನ ಒಂದ್ಮಾತು ಕೇಳ್ರೀ. ಇಲ್ಲಾಂದ್ರೆ ನಮ್ಮನೇಲಿ ಬೇಯಿಸ್ಕೊಡ್ತೀನಿ.”

“ಕೇಳಿ ಬೈಸಿಕೊಳ್ಳಲಿಕ್ಕಾ? ಮೂವತ್ತು ದಿನ ಅಲ್ಲವಾ ಶಾರದಮ್ಮ. ಅವಳೂ ವ್ರತ ಹಿಡಿದರೆ ಆ ಪುಣ್ಯ ಅವಳ ಕಣ್ಣಿಗೇ ಬರಲಿ.”

ಸೊಪ್ಪು ನಿಂತಿತು. ಲಾಡು ನಿಲ್ಲಲಿಲ್ಲ. ಅದು ಹೋಟೆಲಿನದು, ಅಡುಗೆಮನೆ ಹೊಗುವುದಿಲ್ಲ, ಜಗಲಿಯಲ್ಲಿ ಕೂತು ತಿಂದರೆ ಮಡಿಗೂ ಸೋಂಕಿಲ್ಲ, ವ್ರತಕ್ಕೂ ಸೋಂಕಿಲ್ಲ. ಸಪ್ಪೆ ಊಟ ಒಲ್ಲದ ಮಗುವಿಗೆ ಅದೇ ಹೊಟ್ಟೆ ತುಂಬಿಸಿತು. ಹಾಗಾದರೆ ಶಾರದಮ್ಮ ಹೇಳಿದಂತೆ ಸೊಪ್ಪೂ ಪಕ್ಕದ ಮನೆಯಲ್ಲಿ ಬೆಂದು ಜಗಲಿಗೇ ಬರಬಹುದಿತ್ತಲ್ಲ ಎಂಬುದು ಜಲಜಾಳಿಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ, ಬದುಕಿರುವವರೆಗೂ.

ಇಪ್ಪತ್ತನೆಯ ದಿನ ಮಗು ಮತ್ತೆ ಗೋಡೆ ಸವರಿತು. ಜಲಜಾ ನೋಡಿದಳು. ಇನ್ನು ಹತ್ತೇ ದಿನ ಎಂದುಕೊಂಡಳು.

ಆ ವಾರವೇ ವಠಾರಕ್ಕೆ ದಡಾರ ಬಂತು. ಏಳು ಮಕ್ಕಳು ಮಲಗಿದವು, ಆರು ಎದ್ದು ಆಡಲು ಹೋದವು. ಅಂಬುಜಾಳ ಮೈಮೇಲಿನ ಗುಳ್ಳೆ ಮಾಯ್ದರೂ ಕಣ್ಣು ಬಿಡಲಿಲ್ಲ. ಅಮ್ಮನ ಸೀರೆಯಲ್ಲಿ ಮುಖ ಹುದುಗಿಸಿ, ಬೆಳಕು ಚುಚ್ಚುತ್ತದೆ ಎಂದು ಅಳುತ್ತಿತ್ತು. ಐದನೆಯ ದಿನ ಬೆಚ್ಚನೆಯ ನೀರಿನಲ್ಲಿ ರೆಪ್ಪೆ ಬಿಡಿಸಿದಾಗ ಎಡಗಣ್ಣಿನ ಕಪ್ಪು ಕಪ್ಪಾಗಿರಲಿಲ್ಲ. ಬೆಂದ ಮೀನಿನ ಕಣ್ಣಿನ ಹಾಗೆ ಮಬ್ಬು.

ಅದೇ ಮುದುಕ ಡಾಕ್ಟರು. “ಕೀರೈ ಕುಡುತ್ತಿಯಾ ಅಮ್ಮಾ?” ಸೊಪ್ಪು ಕೊಟ್ಟೆಯಾ ಎಂದು ಕೇಳಿದರು, ಅಷ್ಟೇ. ಮೀನೆಣ್ಣೆಯ ಸೀಸೆ ಅವರು ಕೊಡುವ ಮೊದಲೇ ಜಲಜಾ ಕೈಚಾಚಿದಳು. ಮೂಗು ಮುಚ್ಚಿಕೊಳ್ಳದೆ ಮಗುವಿನ ಬಾಯಿಗೆ ಅವಳೇ ಹೊಯ್ದಳು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಹೂ ಬಿದ್ದು ನೋಟ ಹೋಯಿತು.

ಮನೆಗೆ ಬಂದ ದಿನ ಜಾನಕಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು.

“ಮಕ್ಕಳಿಗೆ, ಕಾಯಿಲೆಯವರಿಗೆ ವ್ರತ ಎಲ್ಲಿ ಉಂಟು ಹೆಣ್ಣೇ? ನನ್ನ ಹತ್ರ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನಲ್ಲ.”

“ಹೇಳುತ್ತಿದ್ದಿರಾ ಅತ್ತೆ?”

ಜಾನಕಮ್ಮ ಸೆರಗು ಎಳೆದು ಮಗುವಿನ ಕಣ್ಣಿಗೆ ಬೆಳಕು ಬೀಳದ ಹಾಗೆ ಮರೆಮಾಡಿದರು. ಆಮೇಲೆ ಅವರು ಬದುಕಿದ್ದ ಆರು ವರ್ಷದಲ್ಲಿ ಆ ಮಾತು ಇಬ್ಬರ ನಡುವೆ ಮತ್ತೆ ಏಳಲಿಲ್ಲ, ಸಾಯಲೂ ಇಲ್ಲ. ಮರುವರ್ಷದ ಶಾಕವ್ರತದಲ್ಲಿ ಜಲಜಾ ಅದೇ ಒಲೆಯ ಮೇಲೆ ನುಗ್ಗೆಸೊಪ್ಪು ಬೇಯಿಸಿದಳು. ಅತ್ತೆ ತಮ್ಮ ಪಾತ್ರೆ ಎತ್ತಿಕೊಂಡು ಜಗಲಿಗೆ ಹೋಗಿ ಇದ್ದಿಲ ಒಲೆ ಹೂಡಿಕೊಂಡರು. ಯಾರೂ ಯಾರನ್ನೂ ಬೈಯಲಿಲ್ಲ.

ಆ ವರ್ಷದಿಂದ ಜಲಜಾಳಿಗೆ ಒಂದು ರೂಢಿ ಬಂತು. ಆಷಾಢದ ಏಕಾದಶಿಗೆ ನಾಲ್ಕು ದಿನ ಮೊದಲು ಅಂಬುಜಾಳ ಕೈಹಿಡಿದು ಹೊರಡುವಳು. ತಮ್ಮೂರ ಕಡೆಯ ಹೋಟೆಲಿನವರ ಮನೆ ಎಲ್ಲೆಲ್ಲಿ ಉಂಟೋ, ಎಳೆಯ ಮಕ್ಕಳ ತಾಯಂದಿರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ. “ವ್ರತ ನಿಮಗೆ, ಮಗುವಿಗೆ ಬೇಡ. ಸಿಹಿ ಕೊಡಿ, ಸೊಪ್ಪು ಮಾತ್ರ ತಪ್ಪಿಸಬೇಡಿ. ಇವಳನ್ನು ನೋಡಿ” ಎಂದು ಮಗಳ ಗಲ್ಲ ಎತ್ತಿ ಬೆಳಕಿಗೆ ಹಿಡಿಯುವಳು. ಕೆಲವರು ಕೇಳಿದರು. ಕೆಲವರು ಅವಳು ಮೆಟ್ಟಿಲಿಳಿದ ಮೇಲೆ, “ಸ್ವಂತ ಮಗುವಿನ ಕಣ್ಣು ತಿಂದವಳು ಬುದ್ಧಿ ಹೇಳಲು ಬಂದಳು” ಎಂದರು. ಅದು ಅವಳ ಕಿವಿಗೂ ಬಿತ್ತು. ಬೀಳಲಿ ಎಂದು ಮುಂದಿನ ಮನೆಗೆ ಹೋದಳು.

ಅಂಬುಜಾಳಿಗೆ ಹತ್ತು ತುಂಬಿದ ವರ್ಷ ಹಾಗೇ ಹೊರಟು ನಿಂತಾಗ ಹುಡುಗಿ ಬಾಗಿಲ ಚೌಕಟ್ಟು ಬಿಗಿಯಾಗಿ ಹಿಡಿದುಕೊಂಡಳು.

“ನಾ ವರಮಾಟ್ಟೇನ್.” ಬರುವುದಿಲ್ಲ ಎಂದಳು.

“ಯಾಕೆ ಮಗಾ? ನಾಲ್ಕೇ ಮನೆ.”

ಆಗ ಅವಳು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಎಲ್ಲರೂ ನನ್ನ ಕಣ್ಣು ನೋಡುತ್ತಾರೆ ಅಮ್ಮ. ನನ್ನನ್ನು ಯಾರೂ ನೋಡುವುದಿಲ್ಲ. ನೀನೂ ನೋಡುವುದಿಲ್ಲ.”

ಮಗಳ ಗಲ್ಲಕ್ಕೆ ಕೈ ಎತ್ತಿದ ಜಲಜಾ ಅರ್ಧಕ್ಕೆ ಇಳಿಸಿದಳು. ಆಮೇಲೆ ಚಪ್ಪಲಿಯಿಲ್ಲದ ಕಾಲಿನಲ್ಲಿ, ಬಿಸಿಲಿಗೆ, ಒಬ್ಬಳೇ ಹೊರಟಳು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಮೊದಲ ಮನೆಯ ಬಾಗಿಲಲ್ಲಿ, “ನಾನು ಒಂದು ತಪ್ಪು ಮಾಡಿದೆ, ಕೇಳಿ” ಎಂದು ಶುರುಮಾಡಿದಳು.