ಹೊಲಿಗೆ ಮಶೀನು ಹೊತ್ತ ದುರುಗವ್ವ

ದುರುಗವ್ವನ ಮುತ್ತಜ್ಜ ಮೈಲಪ್ಪ ಹರಿಹರದ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ತುಂಗಭದ್ರೆ ದಂಡೆ ಮೀರಿ ಬಂದ ಒಂದು ದಿನ, ಉಳಿದ ಅಂಬಿಗರೆಲ್ಲ ಹುಟ್ಟು ಕೆಳಗಿಟ್ಟು ಕೂತಾಗ, ಹೆರಿಗೆ ಬೇನೆ ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಆಚೆ ದಡ ಮುಟ್ಟಿಸಿ ಬಂದನಂತೆ. ಅಜ್ಜಿ ಕೆಂಚವ್ವ ಕಂಡವರ ಜಗುಲಿಯ ಮೇಲೆ ಕೂತು ಕೌದಿ ಹೊಲಿದವಳು. ಅವಳ ಕೌದಿ ಹೊದ್ದು ಬೆಳೆದ ಮಕ್ಕಳು ಮೊಮ್ಮಕ್ಕಳನ್ನು ಕಂಡರೂ ಅದರ ಹೊಲಿಗೆ ಬಿಟ್ಟಿರಲಿಲ್ಲ. ಅವ್ವ ಹನುಮವ್ವ ದಾವಣಗೆರೆ ಮಾರುಕಟ್ಟೆಯಲ್ಲಿ ದಬ್ಬಳ ಹಿಡಿದು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಚೀಲ ಲಾರಿಯಿಂದ ಬಿದ್ದರೂ ಕಾಳು ಚೆಲ್ಲುತ್ತಿರಲಿಲ್ಲ. ಇಂಥ ಕೈಗಳ ಮನೆತನದಲ್ಲಿ ಹುಟ್ಟಿದ ದುರುಗವ್ವ ಹೊಲಿಗೆ ಮಶೀನಿನ ಅಂಗಡಿಗೆ ಬಂದದ್ದು ಮಾತ್ರ ಕಸ ಗುಡಿಸಲಿಕ್ಕೆ.

ಅಂಗಡಿ ಪರಮೇಶ್ವರಪ್ಪನವರದು, ದಾವಣಗೆರೆ ಪೇಟೆಯೊಳಗೆ. ರಿಪೇರಿಗೆ ಕೂತಿದ್ದವನು ನಾನು. ನಾನು ಯಾವ ಸ್ಕೂಲಿನಲ್ಲೂ ಕಲಿತವನಲ್ಲ; ದುರುಗವ್ವನಿಗೆ ಒಂದು ದಿನವೂ ಕಲಿಸಿದವನೂ ಅಲ್ಲ. ನನ್ನ ಮುಂದಿನ ಜಾಗವನ್ನು ಆಕೆ ದಿನಾ ಎರಡೆರಡು ಸಲ ಗುಡಿಸುತ್ತಿದ್ದಳು. ಯಾಕೆಂದು ಆಗ ನನ್ನ ತಲೆಗೆ ಹೋಗಲಿಲ್ಲ.

ಒಂದು ದಿನ ನಮ್ಮಲ್ಲಿ ಮಶೀನು ಕೊಂಡಿದ್ದ ಲೋಕಿಕೆರೆಯ ಮನೆಯೊಂದರವರು ಹೇಳಿ ಕಳಿಸಿದರು: ಮಶೀನು ಕೆಟ್ಟದ್ದು, ವಾಪಸು ಒಯ್ಯಿರಿ. ನಾನು ಜ್ವರ ಬಂದು ಮಲಗಿದ್ದೆ. ಪರಮೇಶ್ವರಪ್ಪನವರು ದುರುಗವ್ವನನ್ನು ಕರೆದು, "ಬಸ್ಸಿನಾಗೆ ಹೋಗಿ ಹೊತ್ಕೊಂಡು ಬಾ. ಬಾಯಿ ಬಿಡಬ್ಯಾಡ" ಎಂದರು. ಹೋದವಳು ಮೂರು ದಿನ ಪತ್ತೆ ಇಲ್ಲ. ನಾಲ್ಕನೆಯ ದಿನ ಬರಿಗೈಯಲ್ಲಿ ಬಂದು ನಿಂತಳು.

"ಮಶೀನು ಎಲ್ಲೇ?"

"ಅಲ್ಲೇ ಐತ್ರಿ ಸಾವ್ಕಾರ್ರೆ. ಸೂಜಿ ತಿರುವಿ ಹಾಕಿದ್ರು, ಅದಕ್ಕೆ ಹೊಲಿಗಿ ಬಿಡ್ತಿತ್ತು. ಸರಿ ಮಾಡ್ದೆ. ಆಯಮ್ಮ ತಾನೇ ಹಾಕ್ಕಣಾದು ಕಲಿಯೋಮಟ ಇದ್ದು ಬಂದೆ. ಅಕ್ಕಪಕ್ಕದೋರು ಇನ್ನೂ ನಾಕು ಬೇಕಂತಾರೆ."

ಜ್ವರ ಬಿಟ್ಟು ಅಂದೇ ಕೆಲಸಕ್ಕೆ ಬಂದಿದ್ದ ನನ್ನ ಕಡೆ ಸಾವ್ಕಾರರು ತಿರುಗಿದರು. "ಪರಶುರಾಮ, ಇಷ್ಟು ವರ್ಷ ನೀನು ಮಶೀನು ರಿಪೇರಿ ಮಾಡ್ತಿದ್ಯೋ, ಅವುಕ್ಕೆ ಎಣ್ಣಿ ಕುಡಿಸ್ತಿದ್ಯೋ?"

ಮರುದಿನದಿಂದ ಪೊರಕೆ ಬೇರೆಯವರ ಪಾಲಾಯಿತು. ಆಕೆ ಮಾರುವ ರೀತಿ ನಮ್ಮ ಪೇಟೆಯಲ್ಲಿ ಯಾರೂ ಕೇಳಿದ್ದಲ್ಲ. ಕೈಮಶೀನು ತಲೆಯ ಮೇಲೆ ಹೊತ್ತು ಹಳ್ಳಿಗೆ ಹೋಗುವುದು. ಬೇಕೆಂದವರ ಮನೆಯಲ್ಲಿ ಮೂರು ದಿನ ಉಂಡು, ಮಲಗಿ, ಕಲಿಸುವುದು. ಕೊನೆಯ ದಿನ ತಾನೇ ದಾರ ಹರಿದು, ಸೂಜಿ ಬಿಚ್ಚಿ ಆ ಹೆಂಗಸಿನ ಕೈಗಿಡುವುದು. ಆ ಹೆಂಗಸು ಒಬ್ಬಳೇ ಸೂಜಿ ಕೂರಿಸಿ, ದಾರ ಪೋಣಿಸಿ ಹೊಲಿದರೆ ಮಶೀನು ಆ ಮನೆಗೆ. ಇಲ್ಲವಾದರೆ ಮತ್ತೆ ದುರುಗವ್ವನ ತಲೆಗೆ. ಒಮ್ಮೆ ಗೌಡರ ಸೊಸೆಗೇ ಕೊಡಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಆಕೆ ಮಾರಿದ ಒಂದು ಮಶೀನೂ ವಾಪಸು ಬಂದದ್ದನ್ನು ನಾನು ಕಾಣೆ. ಪ್ಯಾಂಟು ಷರಟಿನ ಏಜೆಂಟರು ಬಂದರು, ಹೋದರು. ಆಕೆಯ ಸಮಕ್ಕೆ ಒಬ್ಬನೂ ನಿಲ್ಲಲಿಲ್ಲ.

ಆದರೆ ಊರೂರಲ್ಲಿ ಮಲಗುವವಳು ಸಂಸಾರ ಹೆಂಗೆ ಮಾಡ್ತಾಳೆ ಎಂದು ಎರಡು ಸಲ ಮದುವೆಯ ಮಾತು ಮುರಿದುಬಿತ್ತು. ಮೂರನೆಯ ಸಲ ಯಾರೂ ಕೇಳಲಿಲ್ಲ. ಅವ್ವ ಹೋದ ಮೇಲೆ ಆಕೆಗೆ ಇದ್ದದ್ದು ಬಾಡಿಗೆಯ ಒಂದು ಕೋಣೆ. ಕಲಿತ ಹೆಣ್ಣುಮಕ್ಕಳ ಲಗ್ನಪತ್ರಿಕೆಗಳು ಕಟ್ಟುಗಟ್ಟಲೆ ಬರುತ್ತಿದ್ದವು, ಆದರೆ ಅಂಗಡಿಯ ವಿಳಾಸಕ್ಕೆ. ಆಕೆಯ ಮನೆ ಎಲ್ಲಿ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಹಬ್ಬದ ದಿನ ಬಸ್ಸು ಕಡಿಮೆ. ಅಂದು ಆಕೆ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಕೂತಿರುವುದನ್ನು ನಾನೇ ಕಂಡಿದ್ದೇನೆ. ಹಳ್ಳಿಯ ಆ ಮೂರು ದಿನಗಳಲ್ಲಿ ಮಾತ್ರ ಯಾರಾದರೂ, "ಉಣ್ಣಾಕ ಏಳವ್ವ" ಎನ್ನುತ್ತಿದ್ದರು.

ಈಗ ಅಂಗಡಿ ಸಾವ್ಕಾರರ ಮಗ ಬಕ್ಕೇಶನದು. ದುರುಗವ್ವನ ಬಲಗೈ ಒಂದು ವರ್ಷದಿಂದ ನಡುಗುತ್ತದೆ. ಬಕ್ಕೇಶ ಕೆಟ್ಟವನಲ್ಲ. ಹೋದ ತಿಂಗಳು ನಮ್ಮಿಬ್ಬರನ್ನೂ ಕರೆದು ಹೇಳಿದ: "ನಂದಿಗುಡಿ ಮಹಿಳಾ ಸಂಘದೋರು ಮಶೀನು ನೋಡ್ತಾರಂತೆ. ಹೋಗಿ ಬರ್ರಿ. ಕೈ ನಡೀಲಿಲ್ಲ ಅಂದ್ರೆ ಇನ್ಮ್ಯಾಲೆ ಅಂಗಡ್ಯಾಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕ್ಕೊಂಡು ಕೂಡ್ರಿ. ಪರಶುರಾಮಣ್ಣ, ನೀವೂ ಹೋಗಿ ನೋಡ್ಕೊಂಡು ಬಂದು ಹೇಳ್ರಿ."

ಆ ಕುರ್ಚಿಯಲ್ಲಿ ಕೂತರೆ ಉಣ್ಣಲು ಕರೆಯುವ ಮನೆಗಳೆಲ್ಲ ಮುಗಿದವು ಎಂದು ಆಕೆಗೂ ಗೊತ್ತು, ನನಗೂ ಗೊತ್ತು.

ನಂದಿಗುಡಿಯಲ್ಲಿ ಒಂದು ಜಗುಲಿಯ ಮೇಲೆ ಇಪ್ಪತ್ತು ಹೆಂಗಸರು ಸೇರಿದ್ದರು. ದುರುಗವ್ವ ದಾರ ಹಿಡಿದಳು. ಮೊದಲ ಸಲ ತಪ್ಪಿತು, ಎರಡನೆಯದೂ ತಪ್ಪಿತು. ರೇವತಿ ಎಂಬ ಚುರುಕು ಹುಡುಗಿ ನಕ್ಕಳು. "ಯಾಕಜ್ಜಿ, ಮಶೀನಿಗೆ ಮೋಟ್ರು ಇಲ್ಲ ಅಂತಂದ್ರಿ, ನಿಮ್ ಕೈಗೇ ಹಾಕ್ಸಿದಂಗೈತಲ್ಲ!"

ಎಲ್ಲರೂ ಗೊಳ್ಳೆಂದರು. ದುರುಗವ್ವನೂ ನಕ್ಕಳು. "ಹಾಕ್ಸೀನವ್ವ, ಕರೆಂಟು ಹೋದ್ರೂ ನಿಲ್ಲಲ್ಲ. ಬಾ ಇಲ್ಲಿ, ನಡುಗೋ ಕೈಯಾಗೆ ಹೆಂಗೆ ಪೋಣಿಸ್ತಾರೆ ನೋಡು. ನಾಳೆ ನಿನಗೂ ಬೇಕಾಗ್ತೈತೆ."

ಮಣಿಕಟ್ಟನ್ನು ಮಶೀನಿಗೆ ಆನಿಸಿ, ಉಸಿರು ಹಿಡಿದಳು. ಆರನೆಯ ಸಲಕ್ಕೆ ಸೇರಿತು. ಆಮೇಲೆ ಆಕೆ ಹೊಲಿದ ಗೆರೆ ಕೋಲಿಟ್ಟು ಎಳೆದಂತಿತ್ತು. ಐದು ಮಂದಿ ಮಶೀನು ಬೇಕೆಂದರು, ಮೊದಲನೆಯವಳು ರೇವತಿಯೇ.

"ಹಂಗಾದ್ರೆ ಯಾರ ಮನ್ಯಾಗಿಂದ ಸುರು ಮಾಡಾನ? ಮೂರು ದಿನ ಇರ್ತೀನಿ" ಎಂದು ದುರುಗವ್ವ ಕೈಚೀಲ ಹತ್ತಿರಕ್ಕೆ ಎಳೆದುಕೊಂಡಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ರೇವತಿ ಮೆತ್ತಗೆ, "ನಿಮಗ್ಯಾಕ ತ್ರಾಸು ಬಿಡ್ರಿ ಅಜ್ಜಿ. ಉಳಿದದ್ದು ಫೋನಿನಾಗೆ ನೋಡಿ ಕಲ್ತ್ಕೊಂತೀವಿ. ಐದಕ್ಕೆ ಹರಿಹರದ ಬಸ್ಸು ಐತೆ" ಎಂದಳು.

ಅದರಲ್ಲಿ ಕುಚೋದ್ಯವಿರಲಿಲ್ಲ. ಅದೇ ಹೆಚ್ಚು ನೋವಾಯಿತೇನೋ. ದುರುಗವ್ವ ಚೀಲ ಹೆಗಲಿಗೆ ಹಾಕಿಕೊಂಡು, ತೋರಿಸಲು ತಂದಿದ್ದ ಮಶೀನು ಎತ್ತಿಕೊಂಡಳು.

ಹರಿಹರದ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತ ಆಕೆ ಮಶೀನನ್ನು ಪಕ್ಕಕ್ಕಿಟ್ಟುಕೊಂಡು ಕೂತಳು. ನನಗೇ ತಡೆಯಲಾಗಲಿಲ್ಲ. "ದುರುಗವ್ವ, ಒಂದೇ ಸಲಕ್ಕೆ ದಾರ ಪೋಣಿಸಿದ್ಲು ಅಂತ ಬಕ್ಕೇಶಗೆ ಹೇಳ್ತೀನಿ. ಇನ್ನು ಎಲ್ಲಿ ಹೋದ್ರೂ ಜತಿಗೆ ನಾನು ಬಂದು ಪೋಣಿಸಿ ಕೊಡ್ತೀನಿ. ಮಶೀನು ಇತ್ತಾಗೆ ತಾ, ನಾನು ಹಿಡ್ಕಂತೀನಿ."

ಆಕೆ ಮಶೀನನ್ನು ಇನ್ನೂ ತನ್ನತ್ತ ಸರಿಸಿಕೊಂಡಳು.

"ಬ್ಯಾಡ ಬಿಡು ಪರಶುರಾಮಣ್ಣ. ಆರ್ನೇ ಸಲಕ್ಕೆ ಸೇರ್ತು ಅಂತ್ಲೇ ಹೇಳು. ಐದು ಜನ ಬೇಕಂದ್ರು, ಅದನ್ನೂ ಹೇಳು. ಇರು ಅಂತ ಯಾರೂ ಅನ್ನಲಿಲ್ಲ, ಅದನ್ನ ಹೇಳಿದ್ರೂ ಹೇಳು. ಕುರ್ಚಿ ಮ್ಯಾಲೆ ಕೂಡ್ಸಾದು ಬಿಡಾದು ಅವನಿಗೆ ಬಿಟ್ಟದ್ದು. ಆದ್ರೆ ನನ್ನ ದಾರ ನೀನು ಪೋಣಿಸಬ್ಯಾಡ."