ಚಂದ್ರನೌಕೆಗೆ ನಲ್ಲಪ್ಪ ಜೋಡಿಸಿದ ಸ್ವಿಚ್ ಬೋರ್ಡು

ಕೆಲಸವಿಲ್ಲದ ಸ್ವಿಚ್ಚನ್ನು ಕಂಡರೆ ನಲ್ಲಪ್ಪನಿಗೆ ಆಗುತ್ತಿರಲಿಲ್ಲ. ಕೆಲಸವಿಲ್ಲದ ಗುಮಾಸ್ತರನ್ನು ಮಾತ್ರ ಹೇಗೋ ಸಹಿಸಿಕೊಳ್ಳುತ್ತಿದ್ದ. ಇಲ್ಲದಿದ್ದರೆ ನನಗೂ ಅವನಿಗೂ ಸ್ನೇಹ ಬೆಳೆಯುತ್ತಿರಲಿಲ್ಲ.

ಜಂಗಮಕೋಟೆಯವನು. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಗೆ ದಿನಗೂಲಿಯಾಗಿ ಸೇರಿ ಹನ್ನೆರಡು ವರ್ಷವಾಗಿತ್ತು. ಅಲ್ಲಿ ಹೆಂಗಸರು ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುತ್ತಾರೆ. ಎಳೆ ಹರಿದಾಗ ರಾಟೆಯನ್ನು ತಟ್ಟನೆ ನಿಲ್ಲಿಸಬೇಕು. ಅದಕ್ಕೊಂದು ಹಿಡಿಯನ್ನು ಮಾಲೀಕರು ತಲೆಗಿಂತ ಎತ್ತರದಲ್ಲಿ ಕೂಡಿಸಿದ್ದರು, ನೋಡುವುದಕ್ಕೆ ಲಕ್ಷಣವಾಗಿರಲಿ ಎಂದು. ನಲ್ಲಪ್ಪ ಒಂದಿಡೀ ದಿನ ತಾನೇ ತೊಟ್ಟಿಯ ಮುಂದೆ ಕೂತು ಕೈ ಬೇಯಿಸಿಕೊಂಡ. ಅಲ್ಲಿನ ಹಿರಿಯಳಾದ ಮುನಿಗಂಗಮ್ಮ ನಕ್ಕಳಂತೆ. “ಏಮಪ್ಪಾ ನಲ್ಲಪ್ಪ, ಕೈ ನೀರಲ್ಲಿ, ಕಣ್ಣು ಎಳೇಲಿ. ನಮ್ಗೆ ಖಾಲಿ ಇರೋದು ಕಾಲೊಂದೇ ಕಣಪ್ಪ.” ಮರುದಿನವೇ ಮೇಲಿದ್ದ ಹಿಡಿ ಕೆಳಗಿಳಿದು ಕಾಲಲ್ಲಿ ಒತ್ತುವ ಮೆಟ್ಟಾಯಿತು. ಅವನ ವಿದ್ಯೆಯೆಲ್ಲ ಇಷ್ಟೇ, ಓಡಿಸುವವರ ಜಾಗದಲ್ಲಿ ಕೂತು ನೋಡುವುದು.

ಅವನಿಗಿದ್ದ ಆಸೆಯೂ ಒಂದೇ. ಚಿಂತಾಮಣಿ ರಸ್ತೆಯಲ್ಲಿ ಹೊಸದಾಗಿ ಕರೆಂಟು ಸ್ಟೇಷನ್ ಕಟ್ಟುತ್ತಿದ್ದರು. ಅಲ್ಲಿ ಬೋರ್ಡು ನೋಡಿಕೊಳ್ಳುವವನ ಕೆಲಸ ಕಾಯಂ ಕೆಲಸ. ಅದು ಸಿಕ್ಕಿದರೆ, ಬೆಳಗಾದರೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ‘ಇವತ್ತು ನಾನು ಬೇಕೋ ಬೇಡವೋ’ ಎಂದು ಮೇಸ್ತ್ರಿಯ ಮುಖ ನೋಡುವುದು ತಪ್ಪುತ್ತಿತ್ತು.

ಮನುಷ್ಯ ಆಕಾಶಕ್ಕೆ ಹೋಗಿಬಂದ ಮರುವರ್ಷ, ಅರವತ್ತೆರಡರಲ್ಲಿ, ನಮ್ಮ ಕಚೇರಿಯ ನಾಟಕ ಸಂಘಕ್ಕೂ ಚಂದ್ರನ ಹುಚ್ಚು ಹಿಡಿಯಿತು. ಯಾವ ಕಚೇರಿ ಎಂದು ಹೇಳಲಾರೆ, ನಾನು ಪಿಂಚಣಿ ತಿನ್ನುವವನು. ನಾಟಕ ಬರೆದವನು ನಾನೇ. ಚಂದ್ರನ ಮೇಲೆ ಯಾರೋ ಒತ್ತುವರಿ ಮಾಡಿದ್ದಾರೆಂದು ಅರ್ಜಿ ಬಂದು, ಅಧಿಕಾರಿಯೊಬ್ಬ ಸರಪಳಿ ಹಿಡಿದು ಅಳತೆಗೆ ಹೊರಡುವ ಕಥೆ. ‘ನೌಕೆಯ ಬೋರ್ಡಿನಲ್ಲಿ ನಲವತ್ತು ಸ್ವಿಚ್ಚು, ನಲವತ್ತು ದೀಪ ಮಿನುಗುತ್ತಿರುತ್ತವೆ’ ಎಂದು ಬರೆದುಬಿಟ್ಟಿದ್ದೆ. ಬರೆಯುವವನಿಗೇನು, ತಂತಿ ಎಳೆಯುವವನು ಬೇರೆ.

ನಿರ್ದೇಶಕರು ನಮ್ಮ ಹೆಡ್ ಕ್ಲಾರ್ಕ್ ವೆಂಕಟರವಣಪ್ಪನವರು. ನಲ್ಲಪ್ಪನನ್ನು ಕರೆಸಿ, “ನಾಟಕಕ್ಕೆ ಕರೆಂಟು ಇಂಜಿನಿಯರ್ ಸಾಹೇಬ್ರೇ ಮುಖ್ಯ ಅತಿಥಿ ಕಣಯ್ಯ. ಬೋರ್ಡು ಚೆನ್ನಾಗಿ ಮಾಡ್ಕೊಡು, ಸ್ಟೇಷನ್ ಕೆಲಸಕ್ಕೆ ನಿನ್ನ ಹೆಸರು ಅವರ ಕಿವಿಗೆ ಹಾಕ್ತೀನಿ” ಎಂದರು.

ನಲ್ಲಪ್ಪ ನನ್ನ ಹಸ್ತಪ್ರತಿಯನ್ನು ಓದಿ ನೋಡಿ ಕೇಳಿದ. “ಇದನ್ನ ಓಡ್ಸೋರು ಎಷ್ಟು ಜನ ಸ್ವಾಮಿ?”

“ಒಬ್ಬ.”

“ಒಬ್ಬನಿಗೆ ಎರಡು ಕೈ. ನಲವತ್ತು ಸ್ವಿಚ್ಚು ಯಾರಿಗೆ?”

ನಾನು ವೆಂಕಟರವಣಪ್ಪನವರ ಕಡೆ ನೋಡಿದೆ. ಅವರು ಸೂರಿನ ಕಡೆ ನೋಡಿದರು. ನಲ್ಲಪ್ಪ ಬಿಡಲಿಲ್ಲ. “ಮೇಲಕ್ಕೆ ಏಳೋವಾಗ ನಮ್ಮ ಮಂಚೇನಹಳ್ಳಿ ಬಸ್ಸಿಗಿಂತ ಜಾಸ್ತಿ ಅದುರುತ್ತೆ ಅಲ್ವಾ? ಆಗ ಉಗುರಿನಷ್ಟಗಲದ ಸ್ವಿಚ್ಚು ಕೈಗೆ ಸಿಗುತ್ತಾ? ಪದೇ ಪದೇ ಬೇಕಾಗೋದು ದಪ್ಪ ಹಿಡಿ ಆಗ್ಬೇಕು, ಕೈ ಚಾಚಿದ್ರೆ ಸಿಗ್ಬೇಕು. ಮುಟ್ಟಬಾರದ್ದಕ್ಕೆ ಮುಚ್ಚಳ ಹಾಕ್ಬೇಕು. ಇನ್ನು ದೀಪ ಅಂದ್ರೆ, ಏನಾದ್ರೂ ಕೆಟ್ಟಾಗ ಮಾತ್ರ ಹತ್ಬೇಕು ಸ್ವಾಮಿ. ಮನೇಲಿ ಎಲ್ಲಾ ಮಕ್ಳೂ ಯಾವಾಗ್ಲೂ ಅಳ್ತಾ ಇದ್ರೆ ಹಸಿದಿರೋದು ಯಾವ್ದು ಅಂತ ತಾಯಿಗೆ ಹೆಂಗೆ ಗೊತ್ತಾಗ್ಬೇಕು? ಎಲ್ಲಾ ನೆಟ್ಟಗಿದ್ರೆ ಬೋರ್ಡು ಕತ್ತಲಾಗಿರ್ಬೇಕು. ಒಂದು ಗಂಟೆ ಬೇಕು. ಅವನ ಕಣ್ಣು ಕಿಟಕೀಲಿರುತ್ತೆ, ಕಿವಿ ಖಾಲಿ ಇರುತ್ತೆ.”

ಚಂದ್ರಯಾನದ ಬಗ್ಗೆ ಎರಡು ಪತ್ರಿಕೆ ಓದಿ ಊರಿಗೇ ಪಂಡಿತನಾಗಿದ್ದ ನನಗೆ ಬಾಯಿ ಕಟ್ಟಿತು. ವೆಂಕಟರವಣಪ್ಪನವರಿಗೆ ಕಟ್ಟಲಿಲ್ಲ. “ಕತ್ತಲಾಗಿರೋ ಬೋರ್ಡು ನೋಡೋಕೆ ಜನ ಯಾಕಯ್ಯ ಬರ್ತಾರೆ? ಹಲಗೆ ಸಾಕಲ್ಲ! ಮಿಣಮಿಣ ಅನ್ಬೇಕು. ಕೆಲಸ ಬೇಕೋ ಬೇಡ್ವೋ ನಿಂಗೆ?”

ಅವನ ಹೆಂಡತಿ ಆಂಜಿನಮ್ಮ ಕೂಡ ಅದನ್ನೇ ಕೇಳಿದಳಂತೆ. “ಅವ್ರು ಕೇಳಿದ್ದು ಹಾಕ್ಕೊಡು. ನೀನೇನು ಅದ್ರಲ್ಲಿ ಕೂತ್ಕೊಂಡು ಹೋಗ್ಬೇಕಾ?”

ಹಾಕಿಕೊಟ್ಟ. ನಲವತ್ತು ಟಾರ್ಚ್ ಬಲ್ಬು, ಒಂದು ಲಾರಿ ಬ್ಯಾಟರಿ, ತವರದ ಪಟ್ಟಿ ಬಡಿದ ಹಳೆಯ ರಾಟೆ. ಬೋರ್ಡಿನ ಹಿಂದಿನ ಪರದೆಯ ಮರೆಯಲ್ಲಿ ನಲ್ಲಪ್ಪ ರಾಟೆ ತಿರುಗಿಸಿದರೆ ಮುಂದೆ ದೀಪಗಳು ಹತ್ತಿ ಆರುತ್ತಿದ್ದವು. ಸ್ವಿಚ್ಚುಗಳಿಗೆ ತಂತಿಯೇ ಇರಲಿಲ್ಲ. ಆದರೆ ಅವನ ಜೀವ ಕೇಳಬೇಕಲ್ಲ. ತಂತಿ ಎಲ್ಲಾದರೂ ತಪ್ಪಿ ತಗುಲಿದರೆ ಹತ್ತುವುದಕ್ಕೆ ಒಂದು ಕೆಂಪು ದೀಪ, ಜೊತೆಗೊಂದು ಗಂಟೆ, ಬ್ಯಾಟರಿಯನ್ನೇ ಕಡಿದುಹಾಕುವುದಕ್ಕೆ ಕೆಳಗೊಂದು ಮೆಟ್ಟು ಇವಿಷ್ಟನ್ನು ಯಾರನ್ನೂ ಕೇಳದೆ ಸೇರಿಸಿದ.

ಭಾನುವಾರ ಮಧ್ಯಾಹ್ನ, ಹೈಸ್ಕೂಲಿನ ಹಾಲು ತುಂಬಿತ್ತು. ನಮ್ಮ ಕಡೆ ಉಳುವ ಟ್ರ್ಯಾಕ್ಟರಾಗಲಿ ಹಿಟ್ಟಿನ ಗಿರಣಿಯಾಗಲಿ ಪೂಜೆಯಿಲ್ಲದೆ ಶುರುವಾಗುವುದಿಲ್ಲ, ಚಂದ್ರನೌಕೆಗೆ ಬೇರೆ ಕಾನೂನೇ? ವೆಂಕಟರವಣಪ್ಪನವರು ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಅದರ ಅಂಚಿಗೇ ತೆಂಗಿನಕಾಯಿ ಒಡೆದರು. ಒಳ್ಳೆಯ ಕಾಯಿ, ನೀರು ಬಹಳವಿತ್ತು. ಅಷ್ಟೂ ಬೋರ್ಡಿನ ಹಲಗೆಯ ಬಿರುಕಿನಲ್ಲಿ ಇಳಿದು ರಾಟೆಯ ಮೇಲೆ ಬಿತ್ತು.

ಪರದೆ ಎದ್ದಿತು. ನೌಕೆಯ ಚಾಲಕ ಚನ್ನಕೇಶವ, ವೆಂಕಟರವಣಪ್ಪನವರ ಬಾಮೈದ. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷದಿಂದ ಕ್ರಾಪು ಬಾಚಿಕೊಳ್ಳುತ್ತಿದ್ದ. ಗತ್ತಿನಿಂದ ಸ್ವಿಚ್ಚು ಒತ್ತಿದ. ನಲವತ್ತು ದೀಪವೂ ಒಟ್ಟಿಗೆ ಭಗ್ಗೆಂದು ಹತ್ತಿ, ಒಟ್ಟಿಗೆ ಆರಿದವು. ಕೆಂಪು ದೀಪ ಹತ್ತಿತು. ಗಂಟೆ ಬಡಿದುಕೊಳ್ಳತೊಡಗಿತು. ಚನ್ನಕೇಶವ ಭಯಕ್ಕೆ ಕಂಬವಾದ. ಬಾಯಿಪಾಠದ ಮಾತು ಮಾತ್ರ ತಾನಾಗಿ ಹೊರಬಂತು. “ಎಲ್ಲವೂ ಕ್ಷೇಮ! ಚಂದ್ರ ಇನ್ನು ಹತ್ತೇ ಮೈಲಿ!” ಬೋರ್ಡಿನಿಂದ ಹೊಗೆ ಏಳುತ್ತಿತ್ತು.

ಪರದೆಯ ಹಿಂದಿನಿಂದ ನಲ್ಲಪ್ಪ ಕೂಗಿದ. “ಕಾಲಲ್ಲಿ ತುಳಿಯಪ್ಪಾ! ಕಾಲಲ್ಲಿ!” ಅವನು ತುಳಿಯಲಿಲ್ಲ. ಕೊನೆಗೆ ನಲ್ಲಪ್ಪನೇ ಖಾಕಿ ಚಡ್ಡಿಯಲ್ಲಿ, ಮೈಯೆಲ್ಲ ಮಸಿಯಾಗಿ ರಂಗಕ್ಕೆ ನುಗ್ಗಿ ಮೆಟ್ಟು ಒತ್ತಿದ. ಗಂಟೆ ನಿಂತಿತು. ಚಂದ್ರಲೋಕದವನು ಬಂದನೆಂದು ಜನ ಶಿಳ್ಳೆ ಹೊಡೆದರು.

ಅಂಕ ಮುಗಿದ ಮೇಲೆ ಇಂಜಿನಿಯರ್ ಸಾಹೇಬರು ರಂಗಕ್ಕೆ ಬಂದು ಬೋರ್ಡನ್ನು ಮುಟ್ಟಿ ನೋಡಿದರು. “ಈ ಸ್ವಿಚ್ಚುಗಳೆಲ್ಲ ಏನು ಮಾಡ್ತವೆ?”

“ಇದು ವೇಗ, ಇದು ದಿಕ್ಕು, ಇದು ಆಮ್ಲಜನಕ ಸಾರ್” ಎಂದು ವೆಂಕಟರವಣಪ್ಪನವರು ಶುರುಮಾಡಿದರು. ಸಾಹೇಬರು ನಲ್ಲಪ್ಪನ ಕಡೆ ತಿರುಗಿದರು. “ಹೌದೇನಯ್ಯ?” ಹೌದು ಎಂದಿದ್ದರೆ ಕೆಲಸ ಅವನದೇ. ವೆಂಕಟರವಣಪ್ಪನವರು ಕಣ್ಣು ಮಿಟುಕಿಸಿದರು, ಕೆಮ್ಮಿದರು, ಅವನ ಕಾಲನ್ನೂ ತುಳಿದರು.

“ಇಲ್ಲ ಸ್ವಾಮಿ. ನಲವತ್ತೂ ಏನೂ ಮಾಡಲ್ಲ. ಈ ಮೆಟ್ಟು ಒಂದು ನಿಲ್ಲಿಸುತ್ತೆ, ಅಷ್ಟೆ.”

ಸಾಹೇಬರು ಹೋ ಎಂದು ನಕ್ಕರು. ಆಮೇಲೆ ಮೈಕಿನ ಮುಂದೆ ಅವರಾಡಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. “ಗಂಟೆ ಹೊಡೆದರೂ ಹೊಗೆ ಎದ್ದರೂ ಆ ಹುಡುಗ ಕೂತ ಕಡೆಯಿಂದ ಕದಲಲಿಲ್ಲ. ನಮ್ಮ ಸ್ಟೇಷನ್ನಿಗೆ ಇಂಥ ಧೈರ್ಯಸ್ಥರು ಬೇಕು.”

ಮರುದಿನ ವೆಂಕಟರವಣಪ್ಪನವರು ನನ್ನನ್ನು ಕರೆದು ಶಿಫಾರಸು ಪತ್ರ ಬರೆಯಲು ಹೇಳಿದರು. ಹೆಸರು ಚನ್ನಕೇಶವನದು. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ‘ಇವರಿಗೆ ಸ್ವಿಚ್ ಬೋರ್ಡಿನ ಮುಂದೆ ಕೂತ ಅನುಭವವಿದೆ’ ಎಂದು ದುಂಡಗೆ ಬರೆದೆ. ಸುಳ್ಳು ಒಂದಕ್ಷರವೂ ಇರಲಿಲ್ಲ ನೋಡಿ.

ಚನ್ನಕೇಶವ ಕೆಲಸಕ್ಕೆ ಸೇರಿದ ತಿಂಗಳಿಗೆ ದಿಬ್ಬೂರಹಳ್ಳಿ ರಸ್ತೆಯ ತಿರುವಿನಲ್ಲಿ ನಲ್ಲಪ್ಪ ಸಿಕ್ಕಿದ. ಚಿಂತಾಮಣಿ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದೆ.

“ಸ್ಟೇಷನ್ನಿಗೆ ಸ್ವಾಮಿ. ಭಾನುವಾರ ಭಾನುವಾರ ಹೋಗಿ ಆ ಹುಡುಗನಿಗೆ ಒಂದೊಂದೇ ಹಿಡಿ ತೋರಿಸಿಕೊಡ್ತಾ ಇದೀನಿ. ಅಲ್ಲಿರೋದು ಹೈ ವೋಲ್ಟೇಜು, ಇವನಿಗೆ ಏನೂ ಗೊತ್ತಿಲ್ಲ. ತಪ್ಪು ಹಿಡಿ ಎಳೆದ್ರೆ ಲೈನ್ ಮೇಲೆ ಹತ್ತಿರೋನು ಸುಟ್ಟು ಹೋಗ್ತಾನೆ.”

ಇನ್ನು ತಡೆಯಲಾರದೆ ಹೇಳಿಬಿಟ್ಟೆ. “ನಲ್ಲಪ್ಪ, ಆ ಪತ್ರ ಬರೆದವನು ನಾನು.”

“ಗೊತ್ತು ಸ್ವಾಮಿ” ಎಂದ. “ಹುಡುಗ ಪತ್ರ ತೋರಿಸ್ದ. ಅಕ್ಷರ ನಿಮ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತು.”

ಒಂದು ಮಾತಾದರೂ ಬೈಯುತ್ತಾನೇನೋ ಎಂದು ಕಾದೆ. ಅವನು ನಾಳೆ ಬೇಗ ಹೋಗಿ ಕಾರ್ಖಾನೆ ಬಾಗಿಲಲ್ಲಿ ನಿಲ್ಲಬೇಕೆಂದು ಹೇಳಿ ಸೈಕಲ್ ಹತ್ತಿದ.