ಯಾರ ಮಾರು?

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಕೊಟ್ಟೂರಿನಲ್ಲಿ ಮದುವೆ ಮಂಟಪ ಸಿಂಗರಿಸುವ ಕೆಲಸ ಹಿಡಿದ ಮೇಲೆ ಒಂದು ಮಂಟಪವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಇಟ್ಟಿಗಿ ಊರಿನ ಮದುವೆಯ ದಿನ ಆ ಮಾತು ಮುರಿಯುವುದರಲ್ಲಿತ್ತು.

ಅರವತ್ತು ಮಾರು ಮಲ್ಲಿಗೆ ಬೇಕಿತ್ತು. ಹೂವಾಡಗಿತ್ತಿ ಎರಡೂ ಕೈ ಚಾಚಿ ಅಳೆದರೆ ಒಂದು ಮಾರು. ಪ್ರತಿ ಸಲ ಹಡಗಲಿಯ ಅಕ್ಕನೊಬ್ಬಳ ಹತ್ತಿರ ತರಿಸುತ್ತಿದ್ದೆ. ಆಕೆಯದು ಆರು ಮಾರಿಗೆ ಇನ್ನೂರ ನಲವತ್ತು. ಈ ಸಲ ಹರಪನಹಳ್ಳಿಯ ವ್ಯಾಪಾರಿಯೊಬ್ಬ ಎಂಟು ಮಾರಿಗೆ ಇನ್ನೂರ ಎಂಬತ್ತು ಎಂದ. ಮಗಳ ಗಣಿತದ ಪುಸ್ತಕ ನೋಡಿ ಕಲಿತಿದ್ದೆನಲ್ಲ: ಮೊದಲು ಒಂದರ ಬೆಲೆ ತೆಗೆ, ಆಮೇಲೆ ಬೇಕಾದಷ್ಟಕ್ಕೆ ಗುಣಿಸು. ಲಗ್ನಪತ್ರಿಕೆಯ ಬೆನ್ನಿಗೇ ಬರೆದೆ. ಆಕೆಯದು ಒಂದಕ್ಕೆ ನಲವತ್ತು, ಇವನದು ಮೂವತ್ತೈದು. ಅರವತ್ತಕ್ಕೆ ಮುನ್ನೂರು ಉಳಿಯಿತು.

“ರೂಢಿ ಇದ್ದಲ್ಲೇ ತರಸ್ರಿ,” ಎಂದಳು ಹೆಂಡತಿ.

“ಲೆಕ್ಕ ಎಲ್ಲ್ಯಾರ ಸುಳ್ಳು ಹೇಳ್ತೈತೇನು?” ಎಂದೆ.

ಮದುವೆಯ ಬೆಳಿಗ್ಗೆ ಎಂಟಕ್ಕೆ ಹೂವೆಲ್ಲ ಮುಗಿದಿತ್ತು. ಮುಂದಿನ ಎರಡು ಕಂಬ ಬೋಳು. ಎಣಿಸಿದೆ, ಮಾರಿಗೊಂದರಂತೆ ಅರವತ್ತು ಮಾಲೆ ಸರಿಯಾಗಿಯೇ ಇದ್ದವು. ಹತ್ತೂವರೆಗೆ ಮುಹೂರ್ತ. ಏಣಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕೊನೆಗೆ ನಾಚಿಕೆ ಬಿಟ್ಟು ಹಡಗಲಿಗೆ ಫೋನ್ ಮಾಡಿದೆ.

“ಅಕ್ಕಾ, ಅರವತ್ತು ಮಾರು ಹಾಕೀನಿ, ಸಾಲವಲ್ದು.”

“ಯಾರ ಮಾರೋ ತಮ್ಮಾ?”

ಹರಪನಹಳ್ಳಿಯವನ ಹೆಸರು ಹೇಳಿದೆ. ಆಕೆ ನಕ್ಕದ್ದು ಏಣಿ ಹಿಡಿದವನಿಗೂ ಕೇಳಿಸಿತು.

“ಅಂವ ನನ್ನ ಹೆಗಲಿಗೆ ಬರಂಗಿಲ್ಲ. ಅವನ ಮಾರು ಐದು ಅಡಿ, ನಂದು ಆರು. ಅಡಿಗೆ ಎಷ್ಟಾತು? ಈಗ ಮಾಡು ಲೆಕ್ಕ!”

ಮಾಡಿದೆ. ಅವನದು ಅಡಿಗೆ ಏಳು ರೂಪಾಯಿ. ಆಕೆಯದು ಏಳು ತುಂಬುವುದಿಲ್ಲ. ಅಗ್ಗ ಎಂದುಕೊಂಡದ್ದೇ ತುಟ್ಟಿ. ಮೇಲಾಗಿ ಮಾರಿಗೆ ಒಂದು ಅಡಿಯಂತೆ ಅರವತ್ತು ಅಡಿ ಕಡಿಮೆ.

“ನಿನ್ನ ಮಾರಿನಾಗ ಹತ್ತು ಕಡಿಮಿ ಬಿದ್ದೈತಿ, ಅಕ್ಕಾ.”

“ಒಂಬತ್ತರ ಬಸ್ಸಿಗೆ ಇಡತೀನಿ. ನಿಂತಿರು ಹೋಗು.”

ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲಾಗಲಿಲ್ಲ. ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಹತ್ತಕ್ಕೆ ಬಸ್ಸು ಬಂತು. ಎರಡನೇ ಕಂಬದ ಕೊನೆಯ ಗಂಟು ಹಾಕುವಾಗ ವಾಲಗ ಶುರುವಾಗಿತ್ತು, ದಾರ ಇನ್ನೂ ನನ್ನ ಹಲ್ಲಿನಲ್ಲಿತ್ತು. ಒಂದು ಮಾಲೆ ಕೈಯಲ್ಲೇ ಉಳಿಯಿತು. ಹತ್ತು ಕೇಳಿದ್ದಕ್ಕೆ ಕೊಸರು ಸೇರಿಸಿ ಹನ್ನೊಂದು ಇಟ್ಟಿದ್ದಳು.

ಊಟಕ್ಕೆ ಕರೆದರು. ಎಲೆಯ ಮುಂದೆ ಕೂತರೂ ಕಣ್ಣು ಕಂಬದ ಮೇಲೇ. ಸಾರು ಬಡಿಸಲು ಬಗ್ಗಿದವನ ತೋಳು ಎದುರಿಗೆ ಬಂತು. ಇವನ ಮಾರು ಎಷ್ಟು ಅಡಿ ಇದ್ದೀತು ಎಂದು ನೋಡುತ್ತ, ಸಾಕು ಎನ್ನುವುದನ್ನೇ ಮರೆತೆ.